ಸದ್ದು ಯಾವಾಗ ಬರುತ್ತದೆ?

ಅಧ್ಯಕ್ಷರೆ, ಬೆಳಗಾವಿಯ ಹವ್ಯಾಸಿ ಮಿತ್ರರೆ, ಹಿಂದಿನ ಸಾಲಿನಲ್ಲಿ ತೊಡೆಯ ಮೇಲೆ ರಿಮೋಟ್ ಕಾರುಗಳನ್ನು ಇಟ್ಟುಕೊಂಡೇ ಕುಳಿತಿರುವ ವಿದ್ಯಾರ್ಥಿಗಳೆ,

ನಾಳೆ ಬೆಳಿಗ್ಗೆ ಈ ಗಾಡಿಗಳು ಮೈದಾನಕ್ಕೆ ಇಳಿಯಲಿವೆ. ಇಂದು ಸಂಜೆ ಒಳಗೆ ಬರುವಾಗ ಹೊರಗಿನ ಕಟ್ಟೆಯ ಮೇಲೆ ಒಬ್ಬ ಹುಡುಗ, ಕಾರು ಗರಗರ ಎನ್ನುತ್ತದೆಂಬ ಕಾರಣಕ್ಕೆ ಅದರ ಹಿಂದಿನ ಡಿಫರೆನ್ಶಿಯಲ್ಲನ್ನು, ಅಂದರೆ ಎಡ ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯನ್ನು, ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಕರವಸ್ತ್ರದ ಮೇಲೆ ಹರಡಿಕೊಂಡು ಕುಳಿತಿದ್ದ. ಸದ್ದು ಯಾವಾಗ ಬರುತ್ತದೆ ಎಂದು ಕೇಳಿದೆ. "ಯಾವಾಗಲೂ ಬರ್ತದ್ರೀ ಸರ್" ಎಂದ. ಉದ್ಯಮಬಾಗದಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವನು ನಾನು. ಯಾವಾಗಲೂ ಬರುವ ಸದ್ದನ್ನು ನಾನಿನ್ನೂ ಕೇಳಿಲ್ಲ. ಆಕ್ಸಿಲರೇಟರ್ ಕೊಟ್ಟಾಗ ಬರುವುದುಂಟು, ಬಿಟ್ಟಾಗ ಬರುವುದುಂಟು, ತಿರುವಿನಲ್ಲಿ ಮಾತ್ರ ಬರುವುದುಂಟು, ಕೈಯಿಂದ ದೂಡಿದರೂ ಬರುವುದುಂಟು. ಇವು ನಾಲ್ಕು ಬೇರೆ ಬೇರೆ ರೋಗಗಳು.

ಬಾಗಲಕೋಟೆ ಕಡೆಯ ನಮ್ಮ ಊರಿನಲ್ಲಿ ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕುಳಿತಲ್ಲಿಂದಲೇ ಪಡಸಾಲೆಯ ಬೀಸುಕಲ್ಲಿನ ಸದ್ದು ಕೇಳಿ, "ಬರೇ ಕಲ್ಲ ಬೀಸಾಕತ್ತೀರಿ, ಕಾಳ ಹಾಕ್ರವಾ" ಎಂದು ಕೂಗುತ್ತಿದ್ದಳು. ಜೋಳವಿದ್ದಾಗ ಕಲ್ಲು ಒಂದು ಬಗೆಯಲ್ಲಿ ಮಾತಾಡುತ್ತದೆ, ಇಲ್ಲದಾಗ ಇನ್ನೊಂದು ಬಗೆಯಲ್ಲಿ. ಕಾರೂ ಹಾಗೆಯೇ. ಸ್ಟ್ಯಾಂಡ್ ಮೇಲೆ ಗಾಲಿಗಳು ಗಾಳಿಯಲ್ಲಿ ತಿರುಗುವಾಗ ಸುಮ್ಮನಿದ್ದು, ನೆಲಕ್ಕಿಳಿಸಿ ಜೋರಾಗಿ ಓಡಿಸಿದ ಕ್ಷಣ ಕಟಕಟ ಎಂದರೆ, ಡಿಫರೆನ್ಶಿಯಲ್ಲಿನ ದೊಡ್ಡ ಗೇರು ತನ್ನನ್ನು ತಿರುಗಿಸುವ ಸಣ್ಣ ಗೇರಿನಿಂದ ಭಾರಕ್ಕೆ ದೂರ ಸರಿದು ಹಲ್ಲು ಜಿಗಿಯುತ್ತಿದೆ ಎಂದು ಮೊದಲು ಶಂಕಿಸಬೇಕು. ಹಲ್ಲು ಇನ್ನೂ ಉಳಿದಿದ್ದರೆ ಗೇರನ್ನು ಜಾಗದಲ್ಲಿ ನಿಲ್ಲಿಸುವ 0.1 ಮಿಲಿಮೀಟರಿನ ಒಂದು ತೆಳು ಬಿಲ್ಲೆ, ಅಂದರೆ ಶಿಮ್, ಸಾಕಾಗಬಹುದು.

ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಕಿವಿಗೆ ಬಿಟ್ಟರೆ ಮೋಸವಾಗುತ್ತದೆ. ವಿಜಯಪುರದ ಗೋಳಗುಮ್ಮಟದ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಎದುರು ಬದಿಯಲ್ಲಿ ಕಿವಿಯಲ್ಲೇ ಹೇಳಿದಂತೆ ಕೇಳಿಸುವುದು ನಿಮಗೆಲ್ಲ ಗೊತ್ತು. ಅಂಗೈಯಷ್ಟು ಅಗಲದ ಅಲ್ಯೂಮಿನಿಯಂ ಚಾಸಿಯೂ ತನ್ನ ಮಟ್ಟಿಗೆ ಒಂದು ಗುಮ್ಮಟವೇ: ಹಿಂದಿನ ಬೇರಿಂಗಿನ ಗೊಣಗಾಟ ಮುಂದಿನ ಬಂಪರಿನಲ್ಲಿ ಕೇಳಿಸುತ್ತದೆ, ಮೇಲಿನ ತೆಳು ಬಾಡಿ ಅದನ್ನು ಹಲಗೆಯಂತೆ ಬಾರಿಸಿ ಹೆಚ್ಚಿಸುತ್ತದೆ. ಆದ್ದರಿಂದ ಮೊದಲು ಬಾಡಿ ತೆಗೆಯಿರಿ. ನಂತರ ಕಾರನ್ನು ಸ್ಟ್ಯಾಂಡಿಗೇರಿಸಿ, ನಿಧಾನ ವೇಗದಲ್ಲಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಹೊರಕವಚಕ್ಕೆ ಊರಿ ಹಿಡಿಯನ್ನು ಕಿವಿಗೆ ಹಚ್ಚಿರಿ. ತಿರುಗುವ ಯಾವುದಕ್ಕೂ ಅದು ತಾಗಕೂಡದು. ನಾಲ್ಕು ಕಡೆ ಇಟ್ಟು ಕೇಳಿದರೆ ಎಲ್ಲಿ ಹೆಚ್ಚು ಎಂಬುದು ತಿಳಿಯುತ್ತದೆ.

ಇನ್ನು ನನ್ನದೇ ಕಥೆ. ಇದನ್ನು ಮೊದಲೇ ಕೇಳಿದವರು ಎದ್ದು ಹೋಗಬಾರದಾಗಿ ವಿನಂತಿ. ಎರಡು ವರ್ಷದ ಹಿಂದೆ, ಮಳೆ ನಿಂತ ಮರುವಾರ, ನನ್ನ ಕಾರಿನಲ್ಲಿ ಟಕ್, ಟಕ್ ಎಂಬ ಸದ್ದು ಹುಟ್ಟಿತು. ಅನುಭವಸ್ಥನೆಂಬ ಹಮ್ಮಿನಲ್ಲಿ ಮೊದಲ ದಿನ ನಾಲ್ಕು ಬೇರಿಂಗು ಬದಲಿಸಿದೆ, ಸದ್ದು ಹೋಗಲಿಲ್ಲ. ಎರಡನೆಯ ದಿನ ಡಿಫರೆನ್ಶಿಯಲ್ ಬಿಚ್ಚಿದೆ, ತೊಳೆದೆ, ಹೊಸ ಎಣ್ಣೆ ತುಂಬಿದೆ, ಮುಚ್ಚಿದೆ. ಸದ್ದು ಅಲ್ಲೇ ಇತ್ತು. ಮೂರನೆಯ ದಿನ ಅದನ್ನೇ ಮತ್ತೆ ಬಿಚ್ಚಿದೆ, ಏಕೆಂದರೆ ಬಿಚ್ಚಲು ಬೇರೇನೂ ಉಳಿದಿರಲಿಲ್ಲ. ಪಕ್ಕದಲ್ಲಿ ಕುಳಿತು ಶೇಂಗಾ ತಿನ್ನುತ್ತಿದ್ದ ಹತ್ತು ವರ್ಷದ ಮೊಮ್ಮಗಳು, ಅದನ್ನು ಕೂಡಿಸಿಟ್ಟ ಮೇಲೆ ಕಾರನ್ನು ನೆಲದ ಮೇಲೆ ಮೆಲ್ಲಗೆ ದೂಡಿ, "ಅಜ್ಜಾ, ಗಾಲಿ ಒಂದ ಸುತ್ತ ತಿರಗಿದ್ರ ಒಂದ ಸಲ ಅಷ್ಟ ಬಡೀತೈತಿ ನೋಡು" ಎಂದಳು. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ದೂಡಿದೆ. ಗೆರೆ ಕೆಳಕ್ಕೆ ಬಂದಾಗಲೆಲ್ಲ ಟಕ್. ಗಾಲಿ ಕಳಚಿದರೆ, ರಿಮ್ಮಿನ ಒಳಮೈಗೆ ಮೆತ್ತಿ ಒಣಗಿದ ಕೆಂಪುಮಣ್ಣಿನಲ್ಲಿ ಕಡಲೆಕಾಳಿನಷ್ಟು ಗರಸಿನ ಕಲ್ಲು ಹುದುಗಿತ್ತು. ಅದು ಸುತ್ತಿಗೊಮ್ಮೆ, ಗಾಲಿಯೊಂದಿಗೆ ತಿರುಗದ ಹಬ್ ಕ್ಯಾರಿಯರಿನ ಸ್ಕ್ರೂ ತಲೆಗೆ ಬಡಿಯುತ್ತಿತ್ತು. ಉಗುರಿನಿಂದ ತೆಗೆದೆ. ಕಳಚಿಟ್ಟ ಆ ನಾಲ್ಕು ಬೇರಿಂಗುಗಳು, ಒಂದೂ ಕೆಟ್ಟಿರದವು, ಇಂದಿಗೂ ಡಬ್ಬಿಯಲ್ಲಿವೆ.

ಎಣಿಕೆಯ ಬಲ ಅಂಥದ್ದು. ಉದಾಹರಣೆಗೆ ಮೋಟಾರಿನ ಶಾಫ್ಟಿಗೆ ಕೂತ ಸಣ್ಣ ಗೇರಾದ ಪಿನಿಯನ್ನಿಗೆ 20 ಹಲ್ಲು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೆ 80 ಹಲ್ಲು, ಗೇರ್‌ಬಾಕ್ಸಿನ ಒಳ ಅನುಪಾತ 2.6 ಎಂದಿಟ್ಟುಕೊಳ್ಳಿ. ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಸ್ಪರ್ 2.6 ಸುತ್ತು, ಮೋಟಾರ್ 10.4 ಸುತ್ತು ತಿರುಗುತ್ತದೆ. ಸುತ್ತಿಗೊಂದು ಟಕ್ ಆದರೆ ಗಾಲಿ, ಆಕ್ಸಲ್ ಅಥವಾ ಡಿಫರೆನ್ಶಿಯಲ್ಲಿನ ದೊಡ್ಡ ಗೇರು. ಎರಡು ಮೂರು ಆದರೆ ಸ್ಪರ್ ಅಥವಾ ಅದರೊಂದಿಗೇ ತಿರುಗುವ ಶಾಫ್ಟು. ಹತ್ತರ ಆಸುಪಾಸು ಆದರೆ ಪಿನಿಯನ್. ಬ್ರಷ್‌ಲೆಸ್ ಮೋಟಾರನ್ನು ಕೈಯಿಂದ ತಿರುಗಿಸುವಾಗ ಅಯಸ್ಕಾಂತದ ಎಳೆತ ತಡೆತಡೆದು ಕೈಗೆ ತಾಗುತ್ತದೆ. ಅದನ್ನು ದೋಷವೆಂದು ಭ್ರಮಿಸಬೇಡಿ.

ನೀಳವಾದ ಸಿಳ್ಳೆಯಂಥ ಕೂಗು ಬಂದರೆ ಪಿನಿಯನ್ ಸ್ಪರ್‌ಗೆ ತೀರ ಬಿಗಿಯಾಗಿ ಕೂತಿದೆ. ಆಕ್ಸಿಲರೇಟರ್ ಕೊಟ್ಟು ಬಿಡುವಾಗ ಗಡಗಡ ಎಂದರೆ ಸಡಿಲವಾಗಿದೆ. ಎರಡರ ನಡುವೆ ತೆಳುಕಾಗದದ ಪಟ್ಟಿ ತುರುಕಿ, ಪಿನಿಯನ್ನನ್ನು ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿಮಾಡಿ, ಕಾಗದವನ್ನು ತಿರುಗಿಸಿ ಹೊರತೆಗೆಯಿರಿ. ಹಲ್ಲಿನ ಗುರುತು ಮಡಿಕೆಮಡಿಕೆಯಾಗಿ ಮೂಡಿರಬೇಕು, ಹರಿದಿರಬಾರದು. ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ಆದ್ದರಿಂದ ನಾಲ್ಕು ಕಡೆ ನೋಡಿರಿ. ಪಿಚ್, ಮಾಡ್ಯೂಲ್ ಎರಡೂ ಹಲ್ಲಿನ ಗಾತ್ರ ಹೇಳುವ ಅಳತೆಗಳು. ಅಂಗಡಿಯವರ ಮಾತು ನಂಬಿ 48 ಪಿಚ್ಚಿನ ಸ್ಪರ್‌ಗೆ 0.6 ಮಾಡ್ಯೂಲಿನ ಪಿನಿಯನ್ ಹಾಕಿದ ಮಿತ್ರರೊಬ್ಬರು ಇಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. 48 ಪಿಚ್ ಎಂದರೆ ಸುಮಾರು 0.53 ಮಾಡ್ಯೂಲ್, ಯಾವ ಕಾಗದವೂ ಆ ಜೋಡಿಯನ್ನು ಕೂಡಿಸಲಾರದು.

ಅಧ್ಯಕ್ಷರು ಗಡಿಯಾರ ನೋಡಿದ್ದು ಇದು ಎರಡನೆಯ ಸಲ, ಆದ್ದರಿಂದ ಬೇಗ ಹೇಳುತ್ತೇನೆ. ಸ್ಪರ್ ಗೇರನ್ನು ಬೆರಳಿನಿಂದ ಹಿಡಿದು ಒಂದು ಹಿಂಗಾಲಿಯನ್ನು ತಿರುಗಿಸಿರಿ: ಇನ್ನೊಂದು ಗಾಲಿ ಎದುರು ದಿಕ್ಕಿಗೆ ತಿರುಗುತ್ತದೆ, ಆಗ ಕೆಲಸ ಮಾಡುವುದು ಡಿಫರೆನ್ಶಿಯಲ್ಲಿನ ಒಳಗೇರುಗಳು. ಆಗ ಮಾತ್ರ ಗರಗರ ಎಂದರೆ ಅದನ್ನು ಬಿಚ್ಚಲು ನಿಮಗೆ ಕಾರಣವಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಟಕಟಕ ಎಂದರೆ ಮುಂದಿನ ಡ್ರೈವ್ ಶಾಫ್ಟಿನ ಪಿನ್ನು ಸವೆದಿರಬಹುದು. ಪಿನಿಯನ್ನನ್ನು ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಮೋಟಾರ್ ಶಾಫ್ಟಿನ ಚಪ್ಪಟೆ ಬದಿಗೇ ಕೂತಿದೆಯೇ ನೋಡಿರಿ. ತೆರೆದ ಪ್ಲಾಸ್ಟಿಕ್ ಗೇರಿಗೆ ಸದ್ದಡಗಿಸಲೆಂದು ಗ್ರೀಸ್ ಬಳಿಯಬೇಡಿ. ಧೂಳು ಮೆತ್ತಿ ಅರದ ಕೆಲಸ ಮಾಡುತ್ತದೆ. ಬೇರಿಂಗುಗಳ ವಿಷಯಕ್ಕೆ ಅರ್ಧ ಗಂಟೆ ಬೇಕಿತ್ತು. ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸಿರಿ, ಮರಳು ಕಡಿದಂತೆ ಕಂಡರೆ ಬದಲಿಸಿರಿ, ಇಷ್ಟೇ ಇಂದಿಗೆ.

ಕಟ್ಟೆಯ ಮೇಲಿದ್ದ ಹುಡುಗ ಅಷ್ಟನ್ನೂ ಮತ್ತೆ ಜೋಡಿಸಿಕೊಂಡು ಒಳಬಂದು ನಿಂತಿದ್ದಾನೆ. ತಮ್ಮಾ, ಕಾರನ್ನು ಈ ಮೇಜಿನ ಮೇಲೆ ತಾ. ಮೋಟಾರಿನ ವೈರು ಬಿಚ್ಚು. ಯಾರಲ್ಲಾದರೂ ಸೀಮೆಸುಣ್ಣ ಇದ್ದರೆ ಕೊಡಿ.