ಯುದ್ಧದ ಖರ್ಚು ಯಾರ ಜೇಬಿನಿಂದ? ಖಾಕಿ ಬಟ್ಟೆಯಿಂದ ಡಿಎಪಿ ಚೀಲದವರೆಗೆ

[ದೃಶ್ಯ: ಬಳ್ಳಾರಿಯ ಒಂದು ಜೀನ್ಸ್ ಘಟಕ. ಸಾಲಾಗಿ ಹೊಲಿಗೆ ಯಂತ್ರಗಳು. ಕಟಿಂಗ್ ಟೇಬಲ್ ಮೇಲೆ ಪದರ ಪದರವಾಗಿ ಹಾಸಿದ ಡೆನಿಮ್.]

ನಮಸ್ಕಾರ. ಬಳ್ಳಾರಿ ಜೀನ್ಸ್ ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ಈ ಊರಿಗೆ ಇಷ್ಟೊಂದು ಹೊಲಿಗೆಯವರು ಎಲ್ಲಿಂದ ಬಂದರು ಅಂತ ಕೇಳಿದರೆ, ಮಾತು ಮೊದಲನೇ ಮಹಾಯುದ್ಧದ ಕಾಲಕ್ಕೆ ಹೋಗುತ್ತೆ. ಆಗ ಇಲ್ಲಿ ಬ್ರಿಟಿಷರ ದಂಡು ಇತ್ತು. ಕಂಟೋನ್ಮೆಂಟ್ ಅನ್ನೋ ಹೆಸರು ಈಗಲೂ ಉಳಿದಿದೆ. ಸಿಪಾಯಿಗಳ ಸಮವಸ್ತ್ರ ಹೊಲಿಯೋಕೆ ಮರಾಠಿ ಮಾತಾಡುವ ದರ್ಜಿ ಕುಟುಂಬಗಳು ಬಂದು ನೆಲೆಸಿದವು ಅನ್ನೋದು ಈ ಊರಿನಲ್ಲಿ ಎಲ್ಲರೂ ಹೇಳುವ ಚರಿತ್ರೆ. ಬ್ರಿಟಿಷರು ಹೋದ ಮೇಲೆ ಅದೇ ಕಸುಬು ಶಾಲೆ ಮಕ್ಕಳ ಯೂನಿಫಾರ್ಮಿಗೆ ಹೊರಳಿತು, ಆಮೇಲೆ ಜೀನ್ಸಿಗೆ.

ಇದನ್ನ ಕೇಳಿದರೆ ಏನನಿಸುತ್ತೆ? ಯುದ್ಧ ಬಂದರೆ ಸರ್ಕಾರ ಖರ್ಚು ಮಾಡುತ್ತೆ, ಖರ್ಚಾದರೆ ಕೆಲಸ ಹುಟ್ಟುತ್ತೆ, ದೇಶ ಮುಂದೆ ಬರುತ್ತೆ ಅಂತ. ಟಿವಿ ಚರ್ಚೆಗಳಲ್ಲೂ ಈ ಮಾತು ಆಗಾಗ ಕೇಳಿಬರುತ್ತೆ. ಇದರಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನ ನಮ್ಮ ಅಜ್ಜ ಅಜ್ಜಿಯರ ತಲೆಮಾರು ಹೊಟ್ಟೆಗಿಲ್ಲದೆ, ಬಟ್ಟೆಗಿಲ್ಲದೆ ಅನುಭವಿಸಿತು. ಅದಕ್ಕೇ ಈ ವಿಡಿಯೋ.

[ದೃಶ್ಯ: ಕಪ್ಪು ಬಿಳುಪು ಚಿತ್ರಗಳು. 1940ರ ದಶಕದ ಅಮೆರಿಕದ ಕಾರ್ಖಾನೆಗಳು.]

ಮೊದಲು ನಿಜವಾದ ಅರ್ಧ. ಅಮೆರಿಕದಲ್ಲಿ 1940ರಲ್ಲಿ ನಿರುದ್ಯೋಗ ಶೇ 14.6 ಇತ್ತು. 1944ಕ್ಕೆ ಅದು ಶೇ 1.2ಕ್ಕೆ ಇಳಿಯಿತು. ಮಹಾ ಆರ್ಥಿಕ ಕುಸಿತದಿಂದ ಅಲ್ಲಿ ಜನ ಕೆಲಸವಿಲ್ಲದೆ ಕೂತಿದ್ದರು, ಎಷ್ಟೋ ಕಾರ್ಖಾನೆಗಳು ಪೂರ್ತಿ ನಡೆಯುತ್ತಿರಲಿಲ್ಲ. ಸರ್ಕಾರ ಹಣ ಸುರಿದಾಗ, ಸುಮ್ಮನೆ ಕೂತಿದ್ದ ಯಂತ್ರ ಓಡತೊಡಗಿತು, ಸುಮ್ಮನೆ ಕೂತಿದ್ದ ಮನುಷ್ಯನಿಗೆ ಸಂಬಳ ಸಿಕ್ಕಿತು. ಯಾರ ಬಾಯಿಂದಲೂ ಕಿತ್ತುಕೊಳ್ಳದೆ ಉತ್ಪಾದನೆ ಏರಿತು.

ಆದರೆ ಎಷ್ಟು ದಿನ? ಖಾಲಿ ಕೈಗಳು ಮುಗಿಯೋವರೆಗೆ ಮಾತ್ರ. 1942ರ ಫೆಬ್ರವರಿಯಿಂದ ಅಲ್ಲಿ ಜನಸಾಮಾನ್ಯರಿಗಾಗಿ ಕಾರು ತಯಾರಿಸೋದನ್ನೇ ನಿಲ್ಲಿಸಿದರು, ಯಾಕಂದರೆ ಅದೇ ಉಕ್ಕು, ಅದೇ ಕೆಲಸಗಾರರು ಟ್ಯಾಂಕಿಗೆ ಬೇಕಾದರು. ಪೆಟ್ರೋಲು, ಸಕ್ಕರೆ ಎಲ್ಲಕ್ಕೂ ರೇಷನ್. ಆದಾಯ ತೆರಿಗೆಯ ಮೇಲಿನ ಹಂತ 1944ರಲ್ಲಿ ಶೇ 94 ಮುಟ್ಟಿತು. ಹೀಗೆ ತೆರಿಗೆ ಹಾಕಿ, ಬಾಂಡ್ ಮಾರಿ, ಬೆಲೆಗೆ ಕಡಿವಾಣ ಹಾಕಿ ಖರ್ಚನ್ನ ಹಂಚಿಕೊಂಡರು. ಭಾರ ಹೊತ್ತದ್ದು ಅವರೇ. ತಾವು ಹೊರುತ್ತಿದ್ದೇವೆ ಅನ್ನೋದೂ ಅವರಿಗೆ ಗೊತ್ತಿತ್ತು.

[ದೃಶ್ಯ: ಹಳೆಯ ರೂಪಾಯಿ ನೋಟುಗಳು. ನಂತರ ಖಾಕಿ ಬಟ್ಟೆಯ ಥಾನು.]

ಭಾರತದಲ್ಲಿ ನಡೆದದ್ದೇ ಬೇರೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಎರಡನೇ ಮಹಾಯುದ್ಧಕ್ಕೆ ನಮ್ಮಿಂದ ಹೋದದ್ದು ಸುಮಾರು 25 ಲಕ್ಷ ಸೈನಿಕರು. ಅವರ ಜೊತೆಗೆ ಬಟ್ಟೆ, ಧಾನ್ಯ, ಚರ್ಮ, ಮರ, ಉಕ್ಕು. ಆಗ ಬ್ರಿಟನ್ ಜೊತೆ ಒಂದು ಒಪ್ಪಂದವಾಗಿತ್ತು: ಭಾರತದ ರಕ್ಷಣೆಯ ಮಾಮೂಲಿ ಖರ್ಚು ಭಾರತದ್ದು, ಅದಕ್ಕೂ ಮೀರಿದ್ದು ಬ್ರಿಟನ್ನಿನದು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಬ್ರಿಟನ್ ಆಗ ದುಡ್ಡು ಕೊಡಲಿಲ್ಲ. ಲಂಡನ್ನಿನಲ್ಲಿ ನಮ್ಮ ಲೆಕ್ಕಕ್ಕೆ ಪೌಂಡ್ ಬರೆದಿಟ್ಟಿತು. ಆ ಪೌಂಡನ್ನೇ ಆಧಾರವಾಗಿಟ್ಟುಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ರೂಪಾಯಿ ಅಚ್ಚು ಹಾಕಿತು. ಗುತ್ತಿಗೆದಾರನಿಗೆ, ಗಿರಣಿಗೆ, ಸಿಪಾಯಿಗೆ ಆ ನೋಟು ಹೋಯಿತು. 1939ರಿಂದ 1945ರ ನಡುವೆ ಚಲಾವಣೆಯಲ್ಲಿದ್ದ ನೋಟು ಆರು ಪಟ್ಟಿಗೂ ಹೆಚ್ಚಾಯಿತು.

ನೋಟು ಆರು ಪಟ್ಟಾಯಿತು, ಸರಿ. ಜೋಳ ಆರು ಪಟ್ಟಾಯಿತಾ? ಬಟ್ಟೆ ಆರು ಪಟ್ಟಾಯಿತಾ? ಇಲ್ಲ. ಇದ್ದ ಬಟ್ಟೆಯಲ್ಲೇ ದೊಡ್ಡ ಪಾಲು ಸೈನ್ಯಕ್ಕೆ ಹೋಯಿತು.

ಈ ಖಾಕಿ ಥಾನನ್ನೇ ನೋಡಿ. ದಂಡಿನ ಆರ್ಡರ್ ಹಿಡಿದ ದರ್ಜಿಗೆ ಇದು ಕೂಲಿ, ಮನೆಯ ರೊಟ್ಟಿ. ಅದು ಸುಳ್ಳಲ್ಲ. ಆದರೆ ಇದೇ ಗಿರಣಿಯಲ್ಲಿ, ಇದೇ ಹತ್ತಿಯಿಂದ ಆಗಬೇಕಿದ್ದ ಸೀರೆ, ಧೋತರ ಅಂಗಡಿಗೆ ಬರಲೇ ಇಲ್ಲ. ಬಟ್ಟೆಯ ಬೆಲೆ ಎಷ್ಟು ಕೈಮೀರಿತು ಅಂದರೆ 1943ರ ಜೂನ್‌ನಲ್ಲಿ ಸರ್ಕಾರ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆದೇಶವನ್ನೇ ಹೊರಡಿಸಬೇಕಾಯಿತು. ಸಗಟು ಬೆಲೆಗಳು ಯುದ್ಧ ಮುಗಿಯೋ ಹೊತ್ತಿಗೆ ಎರಡು ಪಟ್ಟು ದಾಟಿದ್ದವು. ಕೂಲಿ ಅಷ್ಟು ಏರದ ಮನೆಯವರು ಏನು ಮಾಡಬೇಕು? ಕಡಿಮೆ ತಿನ್ನಬೇಕು, ಹರಕು ಉಡಬೇಕು. ತೆರಿಗೆಯ ಚೀಟಿ ಅವರಿಗೆ ಬರಲಿಲ್ಲ, ಆದರೂ ಯುದ್ಧಕ್ಕೆ ಅವರು ಕೊಟ್ಟರು. ಬೆಲೆ ಏರಿಕೆ ಅನ್ನೋದು ಬಡವನ ಮೇಲೆ ಬೀಳುವ ತೆರಿಗೆ. ಯಾವ ಸಭೆಯಲ್ಲೂ ಅದಕ್ಕೆ ಮತ ಹಾಕೋದಿಲ್ಲ.

ಬಂಗಾಳದಲ್ಲಿ 1943ರಲ್ಲಿ ಇದು ಸಾವಾಗಿ ಬಂತು. ಸತ್ತವರು ಇಪ್ಪತ್ತರಿಂದ ಮೂವತ್ತು ಲಕ್ಷ ಅನ್ನೋದು ಅಂದಾಜು. ಬರ್ಮಾದ ಅಕ್ಕಿ ನಿಂತದ್ದು, ಚಂಡಮಾರುತ, ಆಡಳಿತದ ನಿರ್ಲಕ್ಷ್ಯ, ಹೀಗೆ ಕಾರಣ ಹಲವು. ಆದರೆ ಯುದ್ಧದ ಹಣ ಕೈಗೆ ಬಂದವರು ಅಕ್ಕಿ ಕೊಂಡರು, ಬಾರದವರು ಕೊಳ್ಳಲಾರದೆ ಹೋದರು ಅನ್ನೋದು ಅದರಲ್ಲಿ ದೊಡ್ಡ ಕಾರಣ. ಇದನ್ನ ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಯುದ್ಧ ಮುಗಿದಾಗ ಲಂಡನ್ನಿನ ಲೆಕ್ಕದಲ್ಲಿ ನಮ್ಮ ಹೆಸರಿಗೆ ಸುಮಾರು 130 ಕೋಟಿ ಪೌಂಡ್ ಇತ್ತು. ಸಾಲಗಾರ ದೇಶ ಸಾಲ ಕೊಟ್ಟ ದೇಶವಾಗಿತ್ತು! ಆದರೆ ಬೇಕೆಂದಾಗ ತೆಗೆಯೋ ಹಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಕಂತು ಕಂತಾಗಿ ಬಿಡುಗಡೆಯಾಯಿತು.

[ದೃಶ್ಯ: ತುಂಗಭದ್ರಾ ಅಣೆಕಟ್ಟು, ಮುನಿರಾಬಾದ್ ಕಡೆಯಿಂದ. ಎಡದಂಡೆ ಕಾಲುವೆ.]

ಈಗ ಮುನಿರಾಬಾದಿಗೆ ಬನ್ನಿ. ಈ ಅಣೆಕಟ್ಟಿಗೆ ಶಂಕುಸ್ಥಾಪನೆ ಆದದ್ದು 1945ರ ಫೆಬ್ರವರಿಯಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ. ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಸರ್ಕಾರದ ಖರ್ಚು ಅಂದಮೇಲೆ ಸಿಮೆಂಟಿಗೆ ಕೊಟ್ಟ ರೂಪಾಯಿಯೂ ಒಂದೇ, ಮದ್ದುಗುಂಡಿಗೆ ಕೊಟ್ಟ ರೂಪಾಯಿಯೂ ಒಂದೇ. ಆ ವರ್ಷದ ಜಿಡಿಪಿಯಲ್ಲಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕದಲ್ಲಿ, ಎರಡೂ ಒಂದೇ ಥರ ಕಾಣುತ್ತವೆ. ಆದರೆ ಗುಂಡು ಹಾರಿದ ದಿನಕ್ಕೆ ಮುಗಿಯಿತು. ಈ ಕಾಲುವೆ ಗಂಗಾವತಿ, ಸಿಂಧನೂರಿನ ಗದ್ದೆಗೆ ಎಪ್ಪತ್ತು ವರ್ಷದಿಂದ ಭತ್ತ ಕೊಡುತ್ತಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಎದೆ ಹಿಡಿದುಕೊಂಡಿತಲ್ಲ, ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ರಕ್ಷಣೆಗೆ ಖರ್ಚೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಗಡಿ ಉಳಿಯದಿದ್ದರೆ ಗದ್ದೆಯೂ ಉಳಿಯಲ್ಲ. 1962ರ ಯುದ್ಧದ ನಂತರ ನಾವು ರಕ್ಷಣಾ ವೆಚ್ಚವನ್ನ ಒಮ್ಮೆಲೇ ಏರಿಸಿದ್ದು ಅನಿವಾರ್ಯವಾಗಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರನ್ನ ಸಾಕುವಾಗ ಟಪಾಲಿನ ಮೇಲೆ ಐದು ಪೈಸೆಯ ಹೆಚ್ಚುವರಿ ಚೀಟಿ ಅಂಟಿಸಿದೆವು. ಅದು ನನ್ನ ಪ್ರಕಾರ ಪ್ರಾಮಾಣಿಕ ದಾರಿ: ಇಂಥದ್ದಕ್ಕೆ ಇಷ್ಟು ಕೊಡಿ ಅಂತ ಕೇಳಿ ತಗೊಂಡದ್ದು.

[ದೃಶ್ಯ: ರಷ್ಯಾದ ಭೂಪಟ, ಬಡ್ಡಿದರದ ರೇಖೆ.]

ಈಗಿನ ಉದಾಹರಣೆ ಬೇಕಾದರೆ, 2022ರಲ್ಲಿ ಉಕ್ರೇನ್ ಮೇಲೆ ಯುದ್ಧಕ್ಕೆ ಇಳಿದ ರಷ್ಯಾ. 2024ರಲ್ಲಿ ಅದರ ಜಿಡಿಪಿಯಲ್ಲಿ ಸುಮಾರು ಶೇ 7 ಸೈನ್ಯಕ್ಕೇ ಹೋಯಿತು. ನಮ್ಮಲ್ಲಿ ಅದು ಶೇ 2ರ ಆಸುಪಾಸು. ಅಲ್ಲಿ ಬೆಳವಣಿಗೆ ಚೆನ್ನಾಗೇ ಕಂಡಿತು, ನಿರುದ್ಯೋಗ ಇಲ್ಲವೇ ಇಲ್ಲ ಅನ್ನುವಷ್ಟು ಇಳಿಯಿತು. ಆದರೆ ಕಾರ್ಖಾನೆಗೆ ಆಳು ಸಿಗದಾಯಿತು, ಬೆಲೆ ಏರಿತು, ಅದನ್ನ ತಡೆಯೋಕೆ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿಯನ್ನ ಶೇ 21ಕ್ಕೆ ಒಯ್ದಿತು. ಆ ಬಡ್ಡಿಗೆ ಸಾಲ ತಂದು ಯಾರು ಹೊಸ ಘಟಕ ಹಾಕ್ತಾರೆ? ಸರ್ಕಾರದ ಆರ್ಡರ್ ಕೈಯಲ್ಲಿ ಇದ್ದವನು ಮಾತ್ರ.

[ದೃಶ್ಯ: ಸಿಂಧನೂರಿನ ಗೊಬ್ಬರದ ಅಂಗಡಿ. ಡಿಎಪಿ ಚೀಲ, ಮೇಲೆ ಮುದ್ರಿಸಿದ ಬೆಲೆ ಹತ್ತಿರದಿಂದ.]

ಆ ಉಕ್ರೇನ್ ಯುದ್ಧಕ್ಕೆ ನಾವೂ ಖರ್ಚು ಮಾಡಿದ್ದೇವೆ. 2022ರಲ್ಲಿ ಗೊಬ್ಬರದ ಅಂತರರಾಷ್ಟ್ರೀಯ ಬೆಲೆ ಗಗನಕ್ಕೇರಿದಾಗ ರೈತ ಈ 50 ಕೆಜಿ ಚೀಲಕ್ಕೆ ಕೊಟ್ಟದ್ದು 1,350 ರೂಪಾಯಿ. ಆ ಮುಂಗಾರಿಗೆ ಕೇಂದ್ರ ಸರ್ಕಾರ ಇದೇ ಚೀಲಕ್ಕೆ ತುಂಬಿದ್ದು 2,501 ರೂಪಾಯಿ. 2022-23ರ ಬಜೆಟ್‌ನಲ್ಲಿ ಗೊಬ್ಬರದ ಸಬ್ಸಿಡಿಗೆ ಇಟ್ಟಿದ್ದು ಸುಮಾರು 1.05 ಲಕ್ಷ ಕೋಟಿ, ವರ್ಷ ಮುಗಿಯೋ ಹೊತ್ತಿಗೆ ಆದದ್ದು ಎರಡೂವರೆ ಲಕ್ಷ ಕೋಟಿ. ನಮ್ಮ ಒಬ್ಬ ಸಿಪಾಯಿಯೂ ಹೋಗದ ಯುದ್ಧ ಅದು. ಸರ್ಕಾರ ತುಂಬಿದ ಆ 2,501 ರೂಪಾಯಿ ಬಂದದ್ದು ನಾವು ಕಟ್ಟಿದ ತೆರಿಗೆಯಿಂದ, ನಮ್ಮ ಹೆಸರಲ್ಲಿ ಎತ್ತಿದ ಸಾಲದಿಂದ. ಆ ಸಾಲವನ್ನ ಸರ್ಕಾರ ಯಾರಿಂದ ತರುತ್ತೆ, ಬಡ್ಡಿ ಯಾರಿಗೆ ಹೋಗುತ್ತೆ ಅನ್ನೋದನ್ನ ಮುಂದಿನ ವಿಡಿಯೋದಲ್ಲಿ ಬಿಡಿಸಿ ನೋಡೋಣ.