ಕಹಳೆಯ ಮುಂದೆ ಕರುಸೊ, ಮೈಕಿನ ಮುಂದೆ ಫ್ಯಾರೆಲ್

ನಮಸ್ಕಾರ. ಇವತ್ತು ಒಂದು ಕ್ರಿಯಾಪದದ ಮೇಲೆ ನನ್ನ ತಕರಾರು. ಪಾಶ್ಚಾತ್ಯರ ಸಂಗೀತ ನಾಟಕವಾದ ಒಪೆರಾದ ಗಾಯಕರು ಜನ ಗುನುಗುವ ಹಾಡೊಂದನ್ನು ಹಾಡಿ ಮುದ್ರಿಸಿದ ಕೂಡಲೇ ಯಾರಾದರೊಬ್ಬರು ಅನ್ನುತ್ತಾರೆ: "ಅಷ್ಟು ದೊಡ್ಡ ಗಾಯಕರು ಇಂಥದ್ದಕ್ಕೆ ಇಳಿದರಲ್ಲ!" ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೇಳಿದಷ್ಟೂ ಆ "ಇಳಿದರು" ಎನ್ನುವ ಮಾತು ನನಗೆ ಸಹಿಸಲಾಗದಂತಾಗಿದೆ.

1918ರ ಜುಲೈ. ಅಮೆರಿಕ ಮಹಾಯುದ್ಧಕ್ಕೆ ಧುಮುಕಿ ವರ್ಷ ಕಳೆದಿದೆ. ಜಗತ್ತಿನ ಅತಿ ದೊಡ್ಡ ಟೆನರ್, ಅಂದರೆ ಎತ್ತರದ ಗಂಡುಕಂಠದ ಗಾಯಕ, ಎನಿಸಿಕೊಂಡ ಎನ್ರಿಕೊ ಕರುಸೊ ವಿಕ್ಟರ್ ಕಂಪನಿಗಾಗಿ ಜಾರ್ಜ್ ಎಂ. ಕೋಹನ್ ಬರೆದ "ಓವರ್ ದೇರ್" ಹಾಡುತ್ತಾರೆ. ಸೈನಿಕರು ಹೆಜ್ಜೆ ಹಾಕುತ್ತಾ ಹಾಡುವ ಹಾಡು ಅದು. ಕರುಸೊ ಅದನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಫ್ರೆಂಚಿನಲ್ಲಿ ಹಾಡುತ್ತಾರೆ. ಇಂಗ್ಲಿಷಿನ ಪ್ರತಿಯೊಂದು ರಕಾರವೂ ಇಟಲಿಯ ನಾಲಗೆಯ ಮೇಲೆ ಉರುಳಿ ಬರುತ್ತದೆ. ನನಗೆ ಆ ತಟ್ಟೆಯ ಮೇಲೆ ಪ್ರೀತಿಯಿದೆ. ಆದರೆ ಹಾಡುಗಾರಿಕೆಯಾಗಿ ನೋಡಿದರೆ, ಊರ ಜಾತ್ರೆಗೆ ಯಾರೋ ದರ್ಬಾರಿನ ಪೋಷಾಕಿನಲ್ಲಿ ಬಂದ ಹಾಗಿದೆ. ಹಾಡು ಹಗುರ, ಕಂಠ ಭಾರ.

ಅದೇ ಕರುಸೊ 1916ರಲ್ಲಿ ಮುದ್ರಿಸಿದ "ಓ ಸೋಲೆ ಮಿಯೊ" ಕೇಳಿ. ಅದೂ ಜನರ ಹಾಡೇ. ಆದರೆ ಅದು ನೇಪಲ್ಸಿನ ಆಡುಮಾತಿನ ಹಾಡು. ಕರುಸೊ ಹುಟ್ಟಿ ಬೆಳೆದದ್ದು ಅದೇ ಊರಿನ ಬಡ ಕುಟುಂಬದಲ್ಲಿ. ಇಲ್ಲಿ ಎಲ್ಲಿಯೂ ಪೋಷಾಕು ಕಾಣುವುದಿಲ್ಲ. "ಕೋರೆ ನ್ಗ್ರಾತೊ" ಎಂಬ ಮತ್ತೊಂದು ಹಾಡಂತೂ ಹುಟ್ಟಿದ್ದು ನೇಪಲ್ಸಿನಲ್ಲೂ ಅಲ್ಲ, ಅಮೆರಿಕಕ್ಕೆ ವಲಸೆ ಬಂದ ಇಟಲಿಯವರ ನಡುವೆ. 1911ರಲ್ಲಿ ಕರುಸೊ ಅದನ್ನು ಮುದ್ರಿಸಿದರು. ಮನೆಮಾತಿಗೆ ಮರಳಿದವರನ್ನು ಇಳಿದವರು ಎನ್ನುವುದು ಹೇಗೆ?

ಆ ಕಾಲದ ಯಂತ್ರವನ್ನೂ ಮರೆಯಬಾರದು. 1925ರ ತನಕ ಧ್ವನಿಮುದ್ರಣಕ್ಕೆ ಮೈಕ್ರೊಫೋನ್ ಇರಲಿಲ್ಲ. ದೊಡ್ಡ ಕಹಳೆಯೊಂದರ ಬಾಯಿಗೆ ಗಾಯಕರು ಹಾಡಬೇಕು. ಆ ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯಬೇಕು. ತಾರಸ್ಥಾಯಿಗೆ ಏರುವಾಗ ಹಿಂದೆ ಸರಿಯಬೇಕು, ಮೆಲುದನಿಗೆ ಮುಂದೆ ಬರಬೇಕು. ಹತ್ತಿಂಚಿನ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ, ಹನ್ನೆರಡಿಂಚಿನದರಲ್ಲಿ ನಾಲ್ಕೂವರೆ. ಒಪೆರಾದ ದೊಡ್ಡ ದೃಶ್ಯವನ್ನು ಅದರೊಳಗೆ ತುರುಕಲು ಕತ್ತರಿ ಹಾಕಲೇಬೇಕಿತ್ತು. ಜನಪ್ರಿಯ ಹಾಡಾದರೋ ತಲೆಯಿಂದ ಬುಡದವರೆಗೆ ಅದರಲ್ಲಿ ಹಿಡಿಸುತ್ತಿತ್ತು. ಗ್ರಾಮಫೋನ್ ತಟ್ಟೆಯ ಮನೆಯಲ್ಲಿ ಒಪೆರಾವೇ ನೆಂಟ, ಹಾಡು ಮನೆಯವಳು ಎಂದು ನಾನು ಹೇಳುವುದು ಅದಕ್ಕೇ.

ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1902ರ ಏಪ್ರಿಲಿನಲ್ಲಿ ಮಿಲಾನ್ ನಗರದ ಹೋಟೆಲ್ ಕೋಣೆಯಲ್ಲಿ ಕರುಸೊ ಕಂಠವನ್ನು ಮುದ್ರಿಸಿದವರು ಫ್ರೆಡ್ ಗೈಸ್‌ಬರ್ಗ್. ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರನ್ನು ಮುದ್ರಿಸಿದವರೂ ಅವರೇ. ರಾಗದ ವಿಸ್ತಾರವನ್ನು ಮೂರು ನಿಮಿಷಕ್ಕೆ ಇಳಿಸುವ ಕಲೆಯನ್ನು ಕಂಡುಕೊಂಡ ಆ ಮಹಾಗಾಯಕಿ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು.

ಈಗ ಐರ್ಲೆಂಡಿನ ಜಾನ್ ಮೆಕ್‌ಕಾರ್ಮ್ಯಾಕ್. 1916ರಲ್ಲಿ ಇವರು ಮುದ್ರಿಸಿದ ಮೊಜಾರ್ಟನ "ಇಲ್ ಮಿಯೊ ತೆಸೋರೊ" ಇವತ್ತಿಗೂ ಟೆನರ್‌ಗಳಿಗೆ ಪಾಠ. ಅದರಲ್ಲಿನ ಸ್ವರಗಳ ಉದ್ದನೆಯ ಓಟವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಇದೇ ಗಾಯಕ 1914ರಲ್ಲೇ ಸೈನಿಕರ "ಟಿಪ್ಪರೆರಿ" ಹಾಡನ್ನು ಮುದ್ರಿಸಿದ್ದರು. ಮೊಜಾರ್ಟನಲ್ಲಿ ಖರ್ಚಾಗುವ ಆ ಉಸಿರು ಇವರ ಸರಳ ಹಾಡುಗಳಲ್ಲಿ ಮಾತಿನ ಸ್ಪಷ್ಟತೆಗೆ ಒದಗುತ್ತದೆ. ತಟ್ಟೆ ಎಷ್ಟೇ ಕರಕರ ಎನ್ನಲಿ, ಒಂದು ಪದವೂ ಮಸುಕಾಗುವುದಿಲ್ಲ. ತಾಯ್ನಾಡು ಬಿಟ್ಟು ಅಮೆರಿಕಕ್ಕೆ ಬಂದ ಐರಿಷ್ ಜನ ಇವರನ್ನು ತಮ್ಮವರೆಂದು ಎದೆಗಪ್ಪಿಕೊಂಡದ್ದರಲ್ಲಿ ನನಗೆ ಅಚ್ಚರಿಯಿಲ್ಲ.

ಮೈಕ್ರೊಫೋನ್ ಬಂದ ಮೇಲೆ ಲೆಕ್ಕವೇ ತಲೆಕೆಳಗಾಯಿತು. ಪಿಸುಮಾತೂ ತಟ್ಟೆಗೆ ಇಳಿಯತೊಡಗಿತು. ಇಡೀ ವಾದ್ಯವೃಂದವನ್ನು ದಾಟಿ ರಂಗಮಂದಿರದ ಕೊನೆಯ ಸಾಲಿಗೆ ತಲುಪಲು ಪಳಗಿದ ಗಂಟಲು ಈಗ ಅಂಗೈ ಅಗಲದ ದೂರದಲ್ಲಿ ಹಾಡಬೇಕು. ಎತ್ಸಿಯೊ ಪಿಂಜಾ 1949ರಲ್ಲಿ "ಸೌತ್ ಪೆಸಿಫಿಕ್" ನಾಟಕದಲ್ಲಿ ತಮ್ಮ ಒಪೆರಾ ಗಾಂಭೀರ್ಯವನ್ನೇ ಬಂಡವಾಳ ಮಾಡಿಕೊಂಡು ಗೆದ್ದರು. ಜರ್ಮನಿಯ ವಾಗ್ನರನ ಒಪೆರಾಗಳನ್ನು ಹಾಡುತ್ತಿದ್ದ ಹೆಲೆನ್ ಟ್ರೌಬೆಲ್ ನೈಟ್‌ಕ್ಲಬ್‌ನಲ್ಲಿ ಹಾಡಿದ್ದಕ್ಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಮುಖ್ಯಸ್ಥ ರುಡಾಲ್ಫ್ ಬಿಂಗ್ ಆಕ್ಷೇಪ ಎತ್ತಿದರು. 1953ರಲ್ಲಿ ಆಕೆ ಆ ಸಂಸ್ಥೆಯನ್ನೇ ಬಿಟ್ಟು ನಡೆದರು. ಆ ಸುದ್ದಿ ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಷ್ಟವಾದದ್ದು ಆ ಸಭಾಂಗಣಕ್ಕೆ.

ಕೊನೆಗೆ ನಾನು ಬಂದು ನಿಲ್ಲುವುದು ಐಲೀನ್ ಫ್ಯಾರೆಲ್ ಬಳಿ. ಅಪ್ಪ ಅಮ್ಮ ಇಬ್ಬರೂ ವಾಡ್‌ವಿಲ್ ರಂಗದಲ್ಲಿ ಹಾಡಿದವರು, ಅಂದರೆ ಹಾಡು, ಕುಣಿತ, ವಿನೋದ ಎಲ್ಲವೂ ಬೆರೆತ ಜನಪ್ರಿಯ ರಂಗಭೂಮಿಯಲ್ಲಿ. 1959ರಲ್ಲಿ ಇಟಲಿಯ ಸ್ಪೊಲೆಟೊ ಉತ್ಸವಕ್ಕೆ ಇವರು ಬಂದಿದ್ದು ವೆರ್ದಿಯ "ರೆಕ್ವಿಯೆಮ್" ಎಂಬ, ಸತ್ತವರಿಗಾಗಿ ಪ್ರಾರ್ಥಿಸುವ ಕೃತಿಯನ್ನು ಹಾಡಲು. ಅದೇ ಉತ್ಸವದಲ್ಲಿ ಹಾಡಬೇಕಿದ್ದ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಕಾಯಿಲೆ ಬಿದ್ದರು. ಅವರ ಜಾಗದಲ್ಲಿ, ಅವರದೇ ವಾದ್ಯಗಾರರ ಜೊತೆ ಫ್ಯಾರೆಲ್ ನಿಂತು ಹಾಡಿದರು. ಮರುವರ್ಷ ಕೊಲಂಬಿಯಾ ಕಂಪನಿಯಿಂದ ಇವರ ಜನಪ್ರಿಯ ಹಾಡುಗಳ ತಟ್ಟೆ ಹೊರಬಂತು. ಮೆಟ್ರೊಪಾಲಿಟನ್ ಒಪೆರಾದ ರಂಗವನ್ನು ಇವರು ಮೊದಲ ಸಲ ಏರಿದ್ದೂ ಅದೇ 1960ರ ಡಿಸೆಂಬರಿನಲ್ಲಿ.

ಆ ಜನಪ್ರಿಯ ಹಾಡುಗಳ ತಟ್ಟೆಯಲ್ಲಿ ಸೊಪ್ರಾನೊ, ಅಂದರೆ ತಾರಸ್ಥಾಯಿಯ ಒಪೆರಾ ಗಾಯಕಿ, ಎಲ್ಲಿದ್ದಾಳೆ ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಶ್ರುತಿಯನ್ನು ಕೆಳಕ್ಕೆ ತಂದಿದ್ದಾರೆ. ದನಿ ಎದೆಯಿಂದ ಬರುತ್ತದೆ, ಮಾತಿನ ಹದದಲ್ಲಿ. ಪದಗಳು ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತವೆ. ಆದರೂ ಆ ದನಿಯ ಹಿಂದೆ ಎಷ್ಟು ದೊಡ್ಡ ಕಂಠ ಸುಮ್ಮನೆ ಕೂತಿದೆ ಎಂಬುದು ತಿಳಿಯುತ್ತಲೇ ಇರುತ್ತದೆ, ಒಡ್ಡಿನ ಹಿಂದೆ ನಿಂತ ನೀರಿನ ಹಾಗೆ. ನನಗೆ ಇದು ಮೇಲಿನ ಷಡ್ಜವನ್ನು ಮುಟ್ಟುವುದಕ್ಕಿಂತ ಕಷ್ಟದ ಕೆಲಸವಾಗಿ ಕೇಳಿಸುತ್ತದೆ.

ಇವತ್ತು ರಾತ್ರಿ ಬಿಡುವು ಮಾಡಿಕೊಂಡು ಮೊದಲು ಕರುಸೊ ಅವರ 1918ರ ತಟ್ಟೆಯನ್ನು ಕೇಳಿ, ಅದರ ಬೆನ್ನಿಗೇ ಫ್ಯಾರೆಲ್ ಅವರದನ್ನು ಕೇಳಿ. ಆಕೆಯ ತಟ್ಟೆಯ ಹೆಸರು "ಐವ್ ಗಾಟ್ ಎ ರೈಟ್ ಟು ಸಿಂಗ್ ದ ಬ್ಲೂಸ್". ಬ್ಲೂಸ್ ಎಂದರೆ ಆಫ್ರಿಕನ್-ಅಮೆರಿಕನ್ ಜನರ ನೋವಿನ ಹಾಡು. ಕನ್ನಡದಲ್ಲಿ ಹೇಳುವುದಾದರೆ, ಬ್ಲೂಸ್ ಹಾಡುವ ಹಕ್ಕು ನನಗಿದೆ.