134 ಸೋಲು: 1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಕಥೆ

ಸ್ಕ್ರೀನ್ ಮೇಲೆ ಕಾಣುತ್ತಿರುವ ಮೈದಾನದ ಹೆಸರು ಲೀಗ್ ಪಾರ್ಕ್. ಅಮೆರಿಕದ ಓಹಾಯೋ ರಾಜ್ಯ, ಕ್ಲೀವ್‌ಲ್ಯಾಂಡ್ ನಗರ. ಲೆಕ್ಸಿಂಗ್ಟನ್ ಅವೆನ್ಯೂ ಮತ್ತು ಈಸ್ಟ್ 66ನೇ ಬೀದಿ ಸೇರುವ ಮೂಲೆ. ಆ ಇಟ್ಟಿಗೆ ಕಟ್ಟಡ ಇದೆಯಲ್ಲ, ಅದು ಹಳೇ ಟಿಕೆಟ್ ಆಫೀಸು, 1909ರದ್ದು. ನಾನು ಹೇಳಹೊರಟ ಕಥೆ ಅದಕ್ಕೂ ಹತ್ತು ವರ್ಷ ಹಿಂದಿನದು. ಆಗ ಇಲ್ಲಿದ್ದದ್ದು ಮರದ ಸ್ಟ್ಯಾಂಡು. 1899ರಲ್ಲಿ ಅದು ಹೆಚ್ಚುಕಮ್ಮಿ ಖಾಲಿ ಹೊಡೆಯುತ್ತಿತ್ತು.

ಆ ವರ್ಷ ಇಲ್ಲಿನ ತಂಡ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ಆಡಿದ್ದು 154 ಪಂದ್ಯ. ಗೆದ್ದದ್ದು 20. ಸೋತದ್ದು 134. ಮೇಜರ್ ಲೀಗ್, ಅಂದರೆ ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲ್‌ನಲ್ಲಿ ಒಂದೇ ಸೀಸನ್‌ಗೆ ಇಷ್ಟು ಸೋತ ತಂಡ ಇನ್ನೊಂದಿಲ್ಲ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ ಸೋತೂ ಸೋತೂ ಸುದ್ದಿಯಾಯಿತಲ್ಲ, ಅವರು 162 ಪಂದ್ಯ ಆಡಿಯೂ 121ಕ್ಕೇ ನಿಂತರು.

ಆಟ ಬರದವರ ತಂಡ ಅಂದುಕೊಳ್ಳಬೇಡಿ. ಇದೇ ಸ್ಪೈಡರ್ಸ್ 1895ರಲ್ಲಿ ಬಾಲ್ಟಿಮೋರ್ ತಂಡವನ್ನು ಸೋಲಿಸಿ ಟೆಂಪಲ್ ಕಪ್, ಅಂದರೆ ಲೀಗ್‌ನ ಮೊದಲ ಎರಡು ಸ್ಥಾನದ ತಂಡಗಳ ನಡುವಿನ ಸರಣಿ, ಗೆದ್ದಿತ್ತು. ಪಿಚರ್, ಅಂದರೆ ಚೆಂಡು ಎಸೆಯುವವನು, ಸೈ ಯಂಗ್. ಜೀವಮಾನದಲ್ಲಿ 511 ಪಂದ್ಯ ಗೆಲ್ಲಿಸಿಕೊಟ್ಟ ಮನುಷ್ಯ. ಆ ದಾಖಲೆ ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ. ಈಗ ಪ್ರತಿ ವರ್ಷ ಒಳ್ಳೆಯ ಪಿಚರ್‌ಗೆ ಕೊಡುವ ಪ್ರಶಸ್ತಿಗೆ ಅವನದೇ ಹೆಸರು. ಬ್ಯಾಟಿಂಗ್‌ಗೆ ಜೆಸ್ಸಿ ಬರ್ಕೆಟ್ ಇದ್ದ. 1898ರಲ್ಲಿ, ಆಗ ಇದ್ದ ಒಂದೇ ಮೇಜರ್ ಲೀಗ್ ಆದ 12 ತಂಡಗಳ ನ್ಯಾಷನಲ್ ಲೀಗ್‌ನಲ್ಲಿ ಸ್ಪೈಡರ್ಸ್ ಐದನೇ ಸ್ಥಾನಕ್ಕೆ ಬಂದಿತ್ತು.

ಹಾಗಾದರೆ ಒಂದೇ ವರ್ಷದಲ್ಲಿ ಏನಾಯಿತು?

ಮಾಲೀಕರು. ಫ್ರಾಂಕ್ ರಾಬಿಸನ್, ಸ್ಟ್ಯಾನ್ಲಿ ರಾಬಿಸನ್ ಅಂತ ಅಣ್ಣ ತಮ್ಮ. ಫ್ರಾಂಕ್‌ನ ವ್ಯವಹಾರ ಟ್ರಾಮ್‌ನದ್ದು. ಈ ಮೈದಾನ ಕಟ್ಟಿದ್ದೂ ಅವನ ಟ್ರಾಮ್ ಬರುವ ಜಾಗದಲ್ಲೇ. ಜನ ಆಟಕ್ಕೆ ಬರುವಾಗ ಟ್ರಾಮ್‌ಗೂ ದುಡ್ಡು, ಒಳಗೆ ಹೋಗುವಾಗ ಟಿಕೆಟ್‌ಗೂ ದುಡ್ಡು. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಆದರೆ ಜನ ಬರಬೇಕಲ್ಲ! ಕೆಲಸಗಾರರಿಗೆ ರಜೆ ಇದ್ದದ್ದು ಭಾನುವಾರ. ಭಾನುವಾರ ಆಟ ಆಡುವುದಕ್ಕೆ ಕಾನೂನು ಬಿಡುತ್ತಿರಲಿಲ್ಲ. 1897ರ ಮೇ ತಿಂಗಳಲ್ಲಿ ಒಂದು ಭಾನುವಾರ ಆಡಿಯೇಬಿಡೋಣ ಅಂತ ಇಳಿದರು. ಮೊದಲ ಇನ್ನಿಂಗ್ಸ್ ಮುಗಿಯುತ್ತಿದ್ದಂತೆ ಪೊಲೀಸರು ಬಂದು ಎರಡೂ ತಂಡದವರನ್ನು ಹಿಡಿದುಕೊಂಡು ಹೋದರು.

ಆಮೇಲೆ 1899ರ ಶುರುವಿನಲ್ಲಿ ಸೇಂಟ್ ಲೂಯಿಸ್ ತಂಡ ದಿವಾಳಿಯಾಗಿ ಹರಾಜಿಗೆ ಬಂತು. ಕೊನೆಗೆ ಅದು ಬಂದದ್ದು ರಾಬಿಸನ್ ಸಹೋದರರ ಕೈಗೆ. ಕ್ಲೀವ್‌ಲ್ಯಾಂಡನ್ನೂ ಬಿಡಲಿಲ್ಲ. ಒಂದೇ ಲೀಗ್‌ನಲ್ಲಿ ಒಬ್ಬರಿಗೇ ಎರಡು ತಂಡ! ಆಗ ಅದನ್ನು ತಡೆಯುವ ನಿಯಮವೇ ಇರಲಿಲ್ಲ. ಬ್ರೂಕ್ಲಿನ್, ಬಾಲ್ಟಿಮೋರ್ ತಂಡಗಳ ಮಾಲೀಕರೂ ಇದೇ ಆಟ ಕಟ್ಟಿದ್ದರು. ಐಪಿಎಲ್‌ನಲ್ಲಿ ಒಬ್ಬನೇ ಮಾಲೀಕ ಎರಡು ತಂಡ ಇಟ್ಟುಕೊಂಡು, ಸ್ಟಾರ್‌ಗಳನ್ನೆಲ್ಲ ಒಂದಕ್ಕೆ ತುಂಬಿ, ಇನ್ನೊಂದನ್ನು ಸುಮ್ನೆ ಲೆಕ್ಕಕ್ಕೆ ಆಡಿಸಿದ ಹಾಗೆ.

ಯಂಗ್, ಬರ್ಕೆಟ್, ಇನ್ನೂ ಯಾರು ಯಾರು ಚೆನ್ನಾಗಿ ಆಡುತ್ತಿದ್ದರೋ ಅವರೆಲ್ಲ ಸೇಂಟ್ ಲೂಯಿಸ್‌ಗೆ ಹೋದರು. ಆ ತಂಡಕ್ಕೆ ಹೊಸ ಹೆಸರು ಬೇರೆ, ಪರ್ಫೆಕ್ಟೋಸ್ ಅಂತ. ಅಲ್ಲಿ ಬೇಡವಾದವರು ಕ್ಲೀವ್‌ಲ್ಯಾಂಡ್‌ಗೆ ಬಂದರು. ಸೇಂಟ್ ಲೂಯಿಸ್ ಹಿಂದಿನ ವರ್ಷ 111 ಪಂದ್ಯ ಸೋತು ಕೊನೆಯ ಸ್ಥಾನದಲ್ಲಿದ್ದ ತಂಡ. ಅದರಲ್ಲೂ ಬೇಡವಾದವರು ಅಂದರೆ ನೀವೇ ಯೋಚಿಸಿ.

ಏಪ್ರಿಲ್ 15ರಂದು ಮೊದಲ ಪಂದ್ಯ, ಸೇಂಟ್ ಲೂಯಿಸ್‌ನಲ್ಲೇ. ಎದುರಿಗೆ ಚೆಂಡು ಎಸೆಯಲು ನಿಂತವನು ಸೈ ಯಂಗ್. 10-1, ಸ್ಪೈಡರ್ಸ್‌ಗೆ ಸೋಲು.

ಮ್ಯಾನೇಜರ್ ಆಗಿದ್ದ ಲೇವ್ ಕ್ರಾಸ್ ಸ್ವತಃ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಅದೇ ಅವನ ತಪ್ಪು ಅನ್ನಿ. ಜೂನ್‌ನಲ್ಲಿ ಅವನನ್ನೂ ಸೇಂಟ್ ಲೂಯಿಸ್‌ಗೆ ಎತ್ತಿಕೊಂಡರು. ಅವನ ಜಾಗಕ್ಕೆ ಬಂದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಜೋ ಕ್ವಿನ್. ಬೇಸ್‌ಬಾಲ್ ಬಿಟ್ಟರೆ ಅವನ ಇನ್ನೊಂದು ವೃತ್ತಿ ಶವಸಂಸ್ಕಾರದ ವ್ಯವಸ್ಥೆ ಮಾಡುವುದು. ಇದು ಜೋಕ್ ಅಲ್ಲ, ನಿಜ. ಅವನ ಕೈಕೆಳಗೆ ತಂಡ 12 ಗೆದ್ದು 104 ಸೋತಿತು. ಬೇಸ್‌ಬಾಲ್‌ನಲ್ಲಿ ಪ್ರತಿ ಸೋಲನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಜಿಮ್ ಹ್ಯೂಯಿ ಅನ್ನುವ ಪಿಚರ್ ಒಬ್ಬನ ಲೆಕ್ಕಕ್ಕೇ 30 ಸೋಲು. ಅವನಾದ ಮೇಲೆ ಮೇಜರ್ ಲೀಗ್‌ನಲ್ಲಿ ಯಾವ ಪಿಚರ್ ಕೂಡ ಒಂದು ಸೀಸನ್‌ನಲ್ಲಿ 30 ಸೋತಿಲ್ಲ.

ಕ್ಲೀವ್‌ಲ್ಯಾಂಡಿನ ಜನ ದಡ್ಡರೇನಲ್ಲ. ಬರುವುದನ್ನೇ ಬಿಟ್ಟರು. ಇಡೀ ಸೀಸನ್‌ಗೆ ಈ ಮೈದಾನಕ್ಕೆ ಬಂದವರು 6,088 ಮಂದಿ. ಪಂದ್ಯಕ್ಕೆ ಸುಮಾರು 145. ಟಿಕೆಟ್ ಹಣದಲ್ಲಿ ಎದುರಾಳಿ ತಂಡಕ್ಕೂ ಪಾಲು ಇರುತ್ತಿತ್ತು. ಆ ಪಾಲು ಬಂದು ಹೋಗುವ ಖರ್ಚಿಗೂ ಸಾಲುತ್ತಿರಲಿಲ್ಲ. "ನಾವು ಅಲ್ಲಿಗೆ ಬರಲ್ಲ" ಅಂದುಬಿಟ್ಟರು ಉಳಿದ ತಂಡದವರು. ಹಾಗಾಗಿ ಸ್ಪೈಡರ್ಸೇ ಊರೂರು ಅಲೆಯಬೇಕಾಯಿತು. ಹೊರಗೆ 112 ಪಂದ್ಯ, ಅದರಲ್ಲಿ 101 ಸೋಲು. ಪತ್ರಿಕೆಗಳು ಇವರನ್ನು ಅಲೆಮಾರಿಗಳು ಅಂತ ಕರೆದವು. ಆಗಸ್ಟ್ 26ರಿಂದ ಸೆಪ್ಟೆಂಬರ್ 16ರವರೆಗೆ ಸತತ 24 ಸೋಲು. ನಡುವೆ ಒಂದು ಗೆಲುವು. ಆಮೇಲೆ ಮತ್ತೆ 16 ಸೋಲು.

ನನಗೆ ಸಿಟ್ಟು ಬರುವುದು ಈ ಅಂಕಿಗಳಿಗಲ್ಲ. ಇಷ್ಟೆಲ್ಲ ಮಾಡಿ ರಾಬಿಸನ್‌ಗಳಿಗೆ ಸಿಕ್ಕಿದ್ದೇನು ಗೊತ್ತಾ? ಸೇಂಟ್ ಲೂಯಿಸ್ ಐದನೇ ಸ್ಥಾನಕ್ಕೆ ಬಂತು. ಅಂದರೆ ಹಿಂದಿನ ವರ್ಷ ಕ್ಲೀವ್‌ಲ್ಯಾಂಡ್ ಇದ್ದ ಜಾಗ! ಒಂದು ಊರಿನ ತಂಡವನ್ನು ಕೊಂದು ಗಳಿಸಿದ್ದು ಅಷ್ಟೇ. ಆ ಚಳಿಗಾಲದಲ್ಲಿ ಲೀಗ್ ನಾಲ್ಕು ತಂಡಗಳನ್ನು ಕೈಬಿಟ್ಟಿತು. ಸ್ಪೈಡರ್ಸ್ ಅದರಲ್ಲಿ ಒಂದು.

ಕೊನೆಯ ದಿನದ್ದು ಮಾತ್ರ ಹೇಳಲೇಬೇಕು. ಅಕ್ಟೋಬರ್ 15, ಸಿನ್ಸಿನಾಟಿ. ಹೋಟೆಲಿನ ಸಿಗಾರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ಡಿ ಕೋಲ್ಬ್ ಅನ್ನುವ ಹುಡುಗನನ್ನೇ ಪಿಚರ್ ಆಗಿ ನಿಲ್ಲಿಸಿದರು. ಹೇಗೂ ಸೋಲುವುದೇ ಅಲ್ವಾ? 19-3. ಹುಡುಗ ಇಡೀ ಪಂದ್ಯ ಎಸೆದ. ಅವನ ಮೇಜರ್ ಲೀಗ್ ಜೀವನ ಅಲ್ಲಿಗೇ ಶುರು, ಅಲ್ಲಿಗೇ ಮುಕ್ತಾಯ.

ಸೀಸನ್ ಮುಗಿದ ಮೇಲೆ ಆಟಗಾರರೆಲ್ಲ ದುಡ್ಡು ಹಾಕಿ ಒಂದು ವಜ್ರದ ಲಾಕೆಟ್ ತಂದರಂತೆ. ಕೊಟ್ಟದ್ದು ಜಾರ್ಜ್ ಮ್ಯೂರ್ ಎಂಬುವನಿಗೆ. ಅವನು ತಂಡದ ಪ್ರಯಾಣ, ಹೋಟೆಲು ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ. ಯಾಕೆ ಈ ಉಡುಗೊರೆ ಅಂದರೆ, ಪಾಪ, ಇವರ ಒಂದು ಪಂದ್ಯವನ್ನೂ ಬಿಡದೆ ಕೂತು ನೋಡಬೇಕಾಗಿ ಬಂದಿತ್ತಲ್ಲ, ಅದಕ್ಕೆ.